ಸಣ್ಣ ತಪ್ಪಾದರೂ ‘ನನ್ನ ಕೈಲಿ ಆಗಲ್ಲ’ ಅನ್ನೋ ಯೋಚನೆ: ಬದಲಾಯಿಸೋದು ಹೇಗೆ?

ಪ್ರಶ್ನೆ:
ಕೆಲಸದಲ್ಲಿ ಯಾರಾದರೂ ತಪ್ಪು ತೋರಿಸಿದ ಕೂಡಲೇ ಮನಸ್ಸು ‘ನನ್ನ ಕೈಲಿ ಆಗಲ್ಲ’ ಅನ್ನುತ್ತದೆ. ಆ ಯೋಚನೆಯನ್ನು ತಳ್ಳಿದಷ್ಟೂ ಮರಳಿ ಬರುತ್ತದೆ. 21 ದಿನ ಬಿಡದೆ ಪ್ರಯತ್ನಿಸಿದರೆ ಹೋಗುತ್ತದೆ ಅನ್ನುವುದು ನಿಜವೇ?

ಉತ್ತರ 1:
ತಳ್ಳುವುದನ್ನು ಮೊದಲು ನಿಲ್ಲಿಸಿ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದರೆ ಅದೇ ನೆನಪಾಗುತ್ತದೆ ಎಂದು ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಯೋಚನೆ ಬಂತೋ ಇಲ್ಲವೋ ಎಂದು ಕಾವಲು ಕಾಯಲು ಮನಸ್ಸು ಅದನ್ನೇ ಹುಡುಕುತ್ತಿರಬೇಕಲ್ಲ!

ಒಂದು ವಾರ ಏನನ್ನೂ ಬದಲಾಯಿಸದೆ ಬರೆದಿಡಿ: ಏನಾಯಿತು, ಮನಸ್ಸು ಯಾವ ಮಾತು ಹೇಳಿತು, ಆಮೇಲೆ ನೀವು ಏನು ಮಾಡಿದಿರಿ. ಆಗಿಂದಾಗಲೇ ಬರೆಯಿರಿ, ರಾತ್ರಿಗೆ ಮುಂದೂಡಿದರೆ ನಿಖರವಾದ ಮಾತು ಮರೆತು ‘ಬೇಜಾರಾಯಿತು’ ಅಷ್ಟೇ ಉಳಿಯುತ್ತದೆ.

ಉತ್ತರ 2:
ಆ ಟಿಪ್ಪಣಿಯಲ್ಲಿ ಪದೇ ಪದೇ ಕಾಣುವ ಒಂದೇ ಒಂದು ಸಂದರ್ಭ ಆರಿಸಿಕೊಂಡು ‘ಹೀಗಾದರೆ ಹೀಗೆ’ ಎಂಬ ವಾಕ್ಯ ಕಟ್ಟಿ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಯ ತಿರುಳು ಇದೇ: ಆಯ್ಕೆಯನ್ನು ಮುಂಚೆಯೇ ಮಾಡಿಟ್ಟಿರಬೇಕು, ಏಕೆಂದರೆ ಆ ಗಳಿಗೆಯಲ್ಲಿ ಹಳೇ ಅಭ್ಯಾಸವೇ ಮುಂದೆ ಓಡುತ್ತದೆ.

‘ತಿದ್ದುಪಡಿಯ ಮೇಲ್ ಬಂದರೆ, ತಪ್ಪು ಯಾವ ಸಾಲಿನಲ್ಲಿದೆ ಎಂದು ಮೊದಲು ಬರೆಯುತ್ತೇನೆ.’ ಇದು ನಡೆಯುತ್ತದೆ. ‘ಬೈದುಕೊಳ್ಳುವುದಿಲ್ಲ’ ನಡೆಯುವುದಿಲ್ಲ, ಅದರಲ್ಲಿ ಮಾಡಲು ಏನೂ ಇಲ್ಲ. ‘ನಾನು ಅದ್ಭುತ’ ಎಂಬಂಥ ಮಾತೂ ಬೇಡ. ನಿಮಗೇ ನಂಬಿಕೆ ಬಾರದ ಮಾತಿನ ಜೊತೆ ಮನಸ್ಸು ವಾದಕ್ಕೆ ಇಳಿಯುತ್ತದೆ. ‘ಈ ಸಾಲು ತಪ್ಪಿದೆ, ತಿದ್ದಬಹುದು’ ಸಾಕು.

ಉತ್ತರ 3:
21 ದಿನದ ಲೆಕ್ಕ ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು 84 ದಿನ ಗಮನಿಸಿ, ಅಭ್ಯಾಸ ಬೆಳೆದ ಗತಿಯನ್ನು ಮುಂದಕ್ಕೆ ಲೆಕ್ಕ ಹಾಕಿ, ಹೊಸ ಅಭ್ಯಾಸ ಕೂರಲು 18ರಿಂದ 254 ದಿನ ಬೇಕಾಗಬಹುದು ಎಂದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜಿಸಿತು. ನಡುವಿನ ಲೆಕ್ಕ 66. ಅವು ನೀರು ಕುಡಿಯುವುದು, ನಡೆಯುವುದು ಮುಂತಾದ ಹೊರಗಿನ ಅಭ್ಯಾಸಗಳು. ಯೋಚನೆಗೆ ಅದೇ ಅಂಕಿ ಅನ್ವಯಿಸಬೇಡಿ. ಆದರೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎಂಬುದೂ ಅಲ್ಲೇ ಕಂಡಿದೆ. ಹಳೇ ಜಾಡು ಅಳಿಸಿಹೋಗುವುದಿಲ್ಲ, ನಿದ್ದೆಗೆಟ್ಟಾಗ, ಒತ್ತಡವಿದ್ದಾಗ ಮರಳುತ್ತದೆ. ಆಗ ಅದೇ ‘ಹೀಗಾದರೆ ಹೀಗೆ’ ವಾಕ್ಯಕ್ಕೆ ಹಿಂತಿರುಗಿ.

ದಿನದ ಬಹುಪಾಲು ಮಂಕು ಕವಿದು ಎರಡು ವಾರ ದಾಟಿದರೆ ಮಾತ್ರ ಇದೊಂದನ್ನೇ ನೆಚ್ಚದೆ ಮನೋವೈದ್ಯರನ್ನು ಕಾಣಿ.

ಪ್ರಶ್ನೆ ಕೇಳಿದವರು:
ಹಗಲಿಗೆ ಇದು ಸರಿ. ರಾತ್ರಿ ಮಲಗಿದಾಗ ಕಾರಣವೇ ಇಲ್ಲದೆ ಶುರುವಾದರೆ?

ಉತ್ತರ 2:
ಚಿಂತೆಗೆಂದೇ ದಿನಕ್ಕೆ ಅರ್ಧ ಗಂಟೆ ಇಡಿ: ಅದೇ ಹೊತ್ತು, ಅದೇ ಕುರ್ಚಿ, ಹಾಸಿಗೆಯಿಂದ ದೂರ. ರಾತ್ರಿ ಬಂದದ್ದನ್ನು ಒಂದು ಪದದಲ್ಲಿ ಗುರುತು ಹಾಕಿ ನಾಳಿನ ಆ ಹೊತ್ತಿಗೆ ಮುಂದೂಡಿ. ನಾಳೆ ಕೂತು ಯೋಚಿಸುವುದನ್ನು ಮಾತ್ರ ತಪ್ಪಿಸಬೇಡಿ. ತಪ್ಪಿಸಿದರೆ ಮುಂದೂಡಿಕೆಯನ್ನು ಮನಸ್ಸು ನಂಬುವುದಿಲ್ಲ.