ಜಾಮ್‌ನಲ್ಲಿ ತೆವಳುವಾಗ ಡ್ರೈ ಕ್ಲಚ್ ಡಿಸಿಟಿ ಅದುರುತ್ತೆ: ಕ್ಲಚ್ ಸವೆದಿದೆಯಾ, ಓಡಿಸೋ ರೀತಿ ಸರಿ ಇಲ್ವಾ?

ಕುವೆಂಪುನಗರ_ಟರ್ಬೊ:

ಎಲ್ಲರಿಗೂ ನಮಸ್ಕಾರ. ಗಾಡಿ 2021ರ ಮಾಡೆಲ್, ಟರ್ಬೊ ಪೆಟ್ರೋಲ್, 7 ಸ್ಪೀಡ್ ಡ್ರೈ ಕ್ಲಚ್ ಡಿಸಿಟಿ (ಎರಡು ಕ್ಲಚ್ ಇರೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರಲ್ಲ). ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ಮೀಟರ್‌ನಲ್ಲಿ 52,000 ಕಿ.ಮೀ. ಇದೆ. ಬೆಂಗಳೂರು ಹೈವೇಲಿ 100ರಲ್ಲಿ ಹೋಗುವಾಗ ಒಂದು ಚೂರೂ ತೊಂದರೆ ಇಲ್ಲ, ಗೇರ್ ಬದಲಾದದ್ದೇ ಗೊತ್ತಾಗಲ್ಲ. ಕೆಂಗೇರಿ ಮುಟ್ಟಿ ಜಾಮ್‌ನಲ್ಲಿ ತೆವಳೋಕೆ ಶುರುವಾದ ಸ್ವಲ್ಪ ಹೊತ್ತಿಗೆ, 1 ಮತ್ತು 2ನೇ ಗೇರ್ ನಡುವೆ ಗಾಡಿ ಗಡಗಡ ಅದುರುತ್ತೆ. ಮೈಸೂರಲ್ಲೂ ದಸರಾ ದೀಪ ನೋಡೋ ಸಂಜೆ ಸಯ್ಯಾಜಿರಾವ್ ರಸ್ತೆ ಸುತ್ತಮುತ್ತ ಸಿಕ್ಕಿಕೊಂಡರೆ ಇದೇ ಕಥೆ. ತಣ್ಣಗಾದ ಮೇಲೆ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಡ್ಯಾಶ್‌ನಲ್ಲಿ ಯಾವ ವಾರ್ನಿಂಗೂ ಬಂದಿಲ್ಲ.

ಕ್ಲಚ್ ಬದಲಾಯಿಸಲೇಬೇಕಾ, ಅದಕ್ಕೆ ಮುಂಚೆ ನೋಡಬೇಕಾದ್ದು ಏನಾದರೂ ಇದೆಯಾ? ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಬೇಕಾ? ಚಾಮುಂಡಿ ಬೆಟ್ಟ, ಊಟಿ ಕಡೆ ಹೋದಾಗ ಡಿ ಸಾಕಾ, ಮ್ಯಾನುಯಲ್ ಮೋಡ್ ಬೇಕಾ? ಗೇರ್ ಆಯಿಲ್ ಬದಲಾಯಿಸೋದೇ ಬೇಡ, ಲೈಫ್‌ಟೈಮ್ ಅಂತ ಸರ್ವಿಸ್‌ನವರು ಹೇಳ್ತಾರೆ, ನಿಜವಾ?

ಬೆಲ್‌ಹೌಸಿಂಗ್:

ಸಾರ್, ಮೊದಲು ಒಂದು ಲೆಕ್ಕ ನೋಡಿ, ಆಮೇಲೆ ಉಳಿದದ್ದೆಲ್ಲ ಸುಲಭ. ಈ ಬಗೆಯ ಗಾಡಿಗಳಲ್ಲಿ 1ನೇ ಗೇರ್, ಫೈನಲ್ ಡ್ರೈವ್ ಎರಡೂ ಸೇರಿ ಅನುಪಾತ 15ಕ್ಕೆ 1ರ ಆಸುಪಾಸು. ಟೈರ್ ಒಂದು ಸುತ್ತಿಗೆ 1.95 ಮೀಟರ್‌ನಷ್ಟು ಉರುಳುತ್ತೆ. ಎಂಜಿನ್ 800 ಆರ್‌ಪಿಎಂ ಐಡಲ್‌ನಲ್ಲಿದ್ದು ಕ್ಲಚ್ ಪೂರ್ತಿ ಹಿಡಿದಿದ್ದರೆ ಗಾಡಿ ಗಂಟೆಗೆ ಸುಮಾರು 6 ಕಿ.ಮೀ. ಹೋಗಲೇಬೇಕು. ಅದಕ್ಕಿಂತ ನಿಧಾನಕ್ಕೆ ತೆವಳಬೇಕೆಂದರೆ ಕ್ಲಚ್ ಜಾರುತ್ತಲೇ ಇರಬೇಕು, ಬೇರೆ ದಾರಿ ಇಲ್ಲ. 2ನೇ ಗೇರ್‌ಗೆ ಈ ಗಡಿ 10 ಕಿ.ಮೀ. ಹತ್ತಿರ. ಡಿ ಮೋಡ್‌ನಲ್ಲಿ ಕಂಪ್ಯೂಟರ್ ಬೇಗ 2ಕ್ಕೆ ಹಾಕಿಬಿಡುತ್ತೆ, ಮುಂದಿನ ಗಾಡಿ ಬ್ರೇಕ್ ಹಾಕುತ್ತೆ, ನೀವು 7–8ಕ್ಕೆ ಇಳಿಯುತ್ತೀರಿ, 2ರ ಕ್ಲಚ್ ಜಾರೋಕೆ ಶುರು. ಜಾಮ್ ಪೂರ್ತಿ ಇದೇ ನಡೆಯುತ್ತೆ.

ಜಾರಿದಾಗ ಹುಟ್ಟುವ ಶಾಖ ಎಷ್ಟು ಅನ್ನೋದನ್ನು ಹೆಚ್ಚಿನವರು ಲೆಕ್ಕ ಹಾಕಿರುವುದಿಲ್ಲ. 30 ನ್ಯೂಟನ್ ಮೀಟರ್ ಟಾರ್ಕ್ ದಾಟಿಸುವಾಗ ಎರಡು ಬದಿಗಳ ನಡುವೆ 700 ಆರ್‌ಪಿಎಂ ವ್ಯತ್ಯಾಸ ಇದ್ದರೆ ಸುಮಾರು 2.2 ಕಿಲೋವಾಟ್, ಹೆಚ್ಚುಕಮ್ಮಿ ಬಚ್ಚಲಿನ ಗೀಸರ್‌ನಷ್ಟು. ವೆಟ್ ಕ್ಲಚ್‌ನಲ್ಲಿ ಈ ಶಾಖವನ್ನು ಎಣ್ಣೆ ಹೊತ್ತುಕೊಂಡು ಕೂಲರ್‌ಗೆ ಒಯ್ಯುತ್ತೆ. ಡ್ರೈ ಕ್ಲಚ್‌ಗೆ ಇರುವುದು ಬೆಲ್‌ಹೌಸಿಂಗ್ (ಕ್ಲಚ್ ಕೂರುವ ಗೂಡು) ಒಳಗಿನ ಗಾಳಿ, ಕ್ಲಚ್ಚನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್‌ನ ಕಬ್ಬಿಣದ ತೂಕ, ಅಷ್ಟೇ. ಕ್ಲಚ್ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಮೇಲ್ಮೈ ಅತಿಯಾಗಿ ಕಾದರೆ ಗಾಜಿನ ಥರ ನುಣುಪಾಗುತ್ತೆ, ಪ್ಲೇಟ್ ಮೇಲೆ ನೀಲಿ ಕಲೆ ಬೀಳುತ್ತೆ, ಹಿಡಿತ ಒಂದೇ ಸಮ ಇರಲ್ಲ. ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವಾಗ ನಿಮಗೆ ಗೊತ್ತಾಗುವುದೇ ಆ ಅದುರು.

ಆದ್ದರಿಂದ ಕ್ಲಚ್ ಒಂದೋ ಪೂರ್ತಿ ಹಿಡಿದಿರಬೇಕು, ಇಲ್ಲ ಪೂರ್ತಿ ಬಿಟ್ಟಿರಬೇಕು. ಮುಂದಿನ ಗಾಡಿ ಒಂದು ಮಾರು ಸರಿದ ಕೂಡಲೇ ಬ್ರೇಕ್ ಅರ್ಧ ಬಿಟ್ಟು ತೆವಳಬೇಡಿ. ಒಂದೂವರೆ ಗಾಡಿ ಉದ್ದ ಜಾಗ ಆಗಲಿ, ಆಮೇಲೆ ಬ್ರೇಕ್‌ನಿಂದ ಕಾಲು ಪೂರ್ತಿ ತೆಗೆದು, ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ 7–8 ಕಿ.ಮೀ. ಮುಟ್ಟಿಸಿ, ಕ್ಲಚ್ ಕೂರಲಿ, ಉರುಳಿಕೊಂಡು ಹೋಗಿ ನಿಲ್ಲಿಸಿ. ಜಾಗ ಬಿಟ್ಟರೆ ಸ್ಕೂಟರ್‌ಗಳು, ಆಟೋಗಳು ನುಗ್ಗುತ್ತವೆ ನಿಜ, ನುಗ್ಗಲಿ. ಜಾಮ್‌ನಲ್ಲಿ ಲಿವರ್ ಮ್ಯಾನುಯಲ್‌ಗೆ ತಂದು 1ರಲ್ಲೇ ಇಟ್ಟುಕೊಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರ, ಮಳವಳ್ಳಿ ರಸ್ತೆಗಳಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ 12–13ರಲ್ಲಿ ಹೋಗಬೇಕಾದಾಗಲೂ ಇದೇ ಮಾಡಿ. 1ರಲ್ಲಿ ಎಂಜಿನ್ 1,600 ಚಿಲ್ಲರೆ ತಿರುಗುತ್ತೆ, ಸದ್ದು ಸ್ವಲ್ಪ ಜಾಸ್ತಿ, ಆದರೆ ಕ್ಲಚ್ ಜಾರುವುದಿಲ್ಲ.

ಈಗ ಪರೀಕ್ಷೆ. ಇಂಥ ಗೇರ್‌ಬಾಕ್ಸ್‌ಗಳಲ್ಲಿ ಹೆಸರಾದ, ಫೋಕ್ಸ್‌ವ್ಯಾಗನ್‌ನ ಡಿಕ್ಯೂ200ರಲ್ಲಿ ಕೆ1 ಕ್ಲಚ್‌ಗೆ 1, 3, 5, 7ನೇ ಗೇರ್‌ಗಳು, ಕೆ2 ಕ್ಲಚ್‌ಗೆ 2, 4, 6 ಮತ್ತು ರಿವರ್ಸ್. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ, ಸಮತಟ್ಟು ಜಾಗದಲ್ಲಿ ಮ್ಯಾನುಯಲ್ 1ರಲ್ಲಿ ನಿಧಾನ ಹೊರಡಿಸಿ, ಆಮೇಲೆ ರಿವರ್ಸ್‌ನಲ್ಲಿ. ಮುಂದಕ್ಕೆ ಮಾತ್ರ ಅದುರಿದರೆ ಕೆ1, ರಿವರ್ಸ್‌ನಲ್ಲಿ ಅದುರಿದರೆ ಕೆ2 ಮೇಲೆ ಅನುಮಾನ. ಇನ್ನೊಂದು: 4ನೇ ಗೇರ್‌ನಲ್ಲಿ 1,500 ಆರ್‌ಪಿಎಂನಿಂದ ಮೆಲ್ಲಗೆ ಎಳೆಸಿ. ಅಲ್ಲೂ ಜಗ್ಗಾಡಿದರೆ ಕ್ಲಚ್ ಅಲ್ಲ, ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಮಿಸ್‌ಫೈರ್ ಇರಬಹುದು. ನಿಂತಲ್ಲೇ ಪಿಯಲ್ಲೂ ನಡುಕ ಇದ್ದರೆ ಎಂಜಿನ್ ಮೌಂಟ್ ನೋಡಿಸಿ. ಮೂರನ್ನೂ ನೋಡದೆ ಕ್ಲಚ್ ಬಿಚ್ಚಿಸಬೇಡಿ.

ಸಕ್ಕರೆನಾಡು_ಎಎಂಟಿ:

ನ್ಯೂಟ್ರಲ್ ಪ್ರಶ್ನೆಗೆ ನನ್ನ ಉತ್ತರ: ಪ್ರತಿ ಸಿಗ್ನಲ್‌ನಲ್ಲೂ ಹಾಕಿ ಅಣ್ಣ. ಡಿಯಲ್ಲಿ ಬ್ರೇಕ್ ಹಿಡಿದು ನಿಂತರೆ ಕ್ಲಚ್ ತಳ್ಳುತ್ತಲೇ ಇರುತ್ತೆ ತಾನೆ. ಎಎಂಟಿಯಲ್ಲಿ (ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡೋ ಗೇರ್‌ಬಾಕ್ಸ್) ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲೋದಿದ್ದರೆ ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯೋದೇ ಒಳ್ಳೇದು, ರಿಲೀಸ್ ಬೇರಿಂಗ್‌ಗೂ ಕ್ಲಚ್ ಒತ್ತೋ ಆಕ್ಚುಯೇಟರ್‌ಗೂ ಬಿಡುವು ಸಿಗುತ್ತೆ. ಡಿಸಿಟಿಗೂ ಅದೇ ಅನ್ವಯಿಸಬೇಕು.

ಬೆಲ್‌ಹೌಸಿಂಗ್:

ಎಎಂಟಿ ಬಗ್ಗೆ ನೀವು ಹೇಳಿದ್ದು ಸರಿ. ಅದು ಮ್ಯಾನುಯಲ್ ಗೇರ್‌ಬಾಕ್ಸೇ. ಅಲ್ಲಿ ಕ್ಲಚ್ ಸಹಜವಾಗಿ ಹಿಡಿದಿರುತ್ತೆ, ಬಿಡಿಸಲು ಆಕ್ಚುಯೇಟರ್ ಒತ್ತಿಕೊಂಡೇ ಇರಬೇಕು. ಡಿಕ್ಯೂ200ರಲ್ಲಿ ಇದಕ್ಕೆ ಪೂರ್ತಿ ಉಲ್ಟಾ: ಸುಮ್ಮನಿದ್ದಾಗ ಎರಡು ಕ್ಲಚ್‌ಗಳೂ ಬಿಟ್ಟಿರುತ್ತವೆ, ಒತ್ತಿದಾಗ ಮಾತ್ರ ಹಿಡಿಯುತ್ತವೆ. ಬ್ರೇಕ್ ಗಟ್ಟಿಯಾಗಿ ಒತ್ತಿ ನಿಂತರೆ 1ನೇ ಗೇರ್ ಸಿದ್ಧವಾಗಿರುತ್ತೆ, ಕ್ಲಚ್ ತೆರೆದಿರುತ್ತೆ, ಏನೂ ಸವೆಯಲ್ಲ. ಎನ್‌ಗೆ ಹಾಕಿ ಮತ್ತೆ ಡಿಗೆ ತರುವುದರಿಂದ ಲಾಭ ಇಲ್ಲ.

ಬ್ರೇಕ್ ಎಷ್ಟು ಒತ್ತಿದ್ದೀರಿ ಅನ್ನೋದೇ ಮುಖ್ಯ. ಗಾಡಿ ನಿಲ್ಲುವಷ್ಟು ಮಾತ್ರ ಕಾಲಿಟ್ಟಿದ್ದರೆ ಕಂಪ್ಯೂಟರ್ ನೀವು ಹೊರಡುತ್ತೀರಿ ಅಂದುಕೊಂಡು ಕ್ಲಚ್ಚನ್ನು ಹಿಡಿಯುವ ಅಂಚಿಗೆ ತಂದಿಡುತ್ತೆ. ಇನ್ನೂ ಅರ್ಧ ಇಂಚು ಒತ್ತಿ, ಸ್ಟೀರಿಂಗ್‌ಗೆ ಬರುತ್ತಿದ್ದ ಸಣ್ಣ ನಡುಕ ನಿಂತರೆ ಕ್ಲಚ್ ಬಿಟ್ಟಿತು ಅಂತ ಅರ್ಥ. ಆಟೋ ಹೋಲ್ಡ್ ಇದ್ದರೆ ಆನ್ ಮಾಡಿಟ್ಟುಕೊಳ್ಳಿ, ಈ ಕೆಲಸ ಅದೇ ಮಾಡುತ್ತೆ. ಟಾರ್ಕ್ ಕನ್ವರ್ಟರ್ ಗಾಡಿಗಳವರೂ ಇಲ್ಲಿ ಓದುತ್ತಿರಬಹುದು: ಅಲ್ಲಿ ಎಂಜಿನ್‌ಗೂ ಗೇರ್‌ಗೂ ನಡುವೆ ಎಣ್ಣೆ ಇದೆ, ಡಿಯಲ್ಲಿ ಒಂದು ನಿಮಿಷ ನಿಂತರೆ ಏನೂ ಆಗಲ್ಲ. ಒಂದು ಬಗೆಯ ಗೇರ್‌ಬಾಕ್ಸ್‌ನ ಅಭ್ಯಾಸವನ್ನು ಇನ್ನೊಂದಕ್ಕೆ ಹಾಗೇ ಒಯ್ಯುವುದೇ ಅರ್ಧ ಗೇರ್‌ಬಾಕ್ಸ್‌ಗಳು ಹಾಳಾಗೋಕೆ ಕಾರಣ ಅಂತ ನಾನು ನಂಬ್ತೀನಿ.

ಘಾಟಿಗೇರ್:

ಬೆಟ್ಟದ ವಿಷಯ ನಾನು ಬರೀತೀನಿ. ಹತ್ತುವಾಗ ರಸ್ತೆ ಖಾಲಿ ಇದ್ದರೆ ಚಾಮುಂಡಿ ಬೆಟ್ಟಕ್ಕೆ ಡಿ ಸಾಕು. ವೇಗ 20ರ ಮೇಲಿದ್ದರೆ ಕ್ಲಚ್ ಹಿಡಿದೇ ಇರುತ್ತೆ. ತೊಂದರೆ ಬರೋದು ಭಾನುವಾರದ ಸಾಲಿನಲ್ಲಿ, ಏರಿನ ಮಧ್ಯೆ ನಿಂತು ನಿಂತು ಹೋಗುವಾಗ. ಆಗ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲೇ ಗಾಡಿ ಹಿಡಿದು ನಿಲ್ಲಿಸುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಜನ ತುಂಬಿದ 1,600 ಕೆ.ಜಿ. ಗಾಡಿಯನ್ನು ನೂರಕ್ಕೆ ಹತ್ತರ ಏರಿನಲ್ಲಿ ಹಾಗೆ ಹಿಡಿದರೆ, ಮೇಲಿನ ಲೆಕ್ಕದ ಪ್ರಕಾರ ಸಾವಿರ ಆರ್‌ಪಿಎಂಗೇ ಕ್ಲಚ್‌ನಲ್ಲಿ 3 ಕಿಲೋವಾಟ್ ದಾಟುತ್ತೆ. ಬ್ರೇಕ್‌ನಲ್ಲೇ ನಿಲ್ಲಿಸಿ. ಹಿಲ್ ಹೋಲ್ಡ್ ಎರಡು ಮೂರು ಸೆಕೆಂಡ್ ಮಾತ್ರ ಹಿಡಿಯುತ್ತೆ, ಅಷ್ಟರೊಳಗೆ ಹಿಂಜರಿಯದೆ ಆಕ್ಸಿಲರೇಟರ್ ಕೊಟ್ಟು ಹೊರಡಿ. ಏರಿನಲ್ಲಿ ಅಳೆದು ಸುರಿದು ಕೊಟ್ಟರೆ ಕ್ಲಚ್ ಹೆಚ್ಚು ಹೊತ್ತು ಜಾರುತ್ತೆ.

ಊಟಿಗೆ ಮಸಿನಗುಡಿ ಮೇಲೆ ಹೋದರೆ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಅಲ್ಲಿ ಮ್ಯಾನುಯಲ್ 2 ಹಾಕಿ, ತಿರುವಿನಲ್ಲಿ 12ಕ್ಕಿಂತ ಕೆಳಗೆ ಬಂದರೆ ತಿರುಗುವ ಮೊದಲೇ 1ಕ್ಕೆ ಇಳಿಸಿ. ತಿರುವಿನ ನಡುವೆ ಡಿ ತಾನೇ ಗೇರ್ ಹುಡುಕುವಾಗ ಎರಡು ಕ್ಲಚ್‌ಗಳೂ ಕೆಲಸ ಮಾಡಿ ಕಾಯುತ್ತವೆ. ಮುಂದೆ ಬಸ್ ತಿರುಗುತ್ತಿದ್ದರೆ ಕೆಳಗೇ ನಿಂತು ಕಾಯಿರಿ, ಅದು ಪೂರ್ತಿ ದಾಟಲಿ. ವಾಪಸ್ ಬರುವಾಗ ಹೊರಗಿನ ಗಾಡಿಗಳನ್ನು ಕಲ್ಹಟ್ಟಿಯಲ್ಲಿ ಇಳಿಯಲು ಬಿಡಲ್ಲ, ಗೂಡಲೂರು ಮೇಲೆ ಬರಬೇಕು. ಇಳಿಯುವಾಗ ಮ್ಯಾನುಯಲ್ 2 ಅಥವಾ 3 ಹಾಕಿ ಎಂಜಿನ್ನೇ ಹಿಡಿಯಲಿ. ಕ್ಲಚ್ ಪೂರ್ತಿ ಹಿಡಿದಿರುವುದರಿಂದ ಸವೆತ ಇಲ್ಲ, ಬ್ರೇಕೂ ಕಾಯಲ್ಲ. ಪೆಟ್ರೋಲ್ ಉಳಿಸೋಕೆ ಎನ್ ಹಾಕಿ ಇಳಿಯೋದು ಮಾತ್ರ ಖಂಡಿತ ಬೇಡ. ಗೇರ್‌ನಲ್ಲಿ ಇಳಿಯುವಾಗ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸಿರುತ್ತೆ, ಎನ್‌ನಲ್ಲಿ ಐಡಲ್‌ಗೆ ಪೆಟ್ರೋಲ್ ಬೇಕೇ ಬೇಕು.

ಗೇರ್‌ಬಾಕ್ಸ್ ಬಿಸಿ ಅಂತ ವಾರ್ನಿಂಗ್ ಬಂದರೆ ಪಕ್ಕಕ್ಕೆ ಹಾಕಿ, ಪಿ, ಹ್ಯಾಂಡ್‌ಬ್ರೇಕ್, ಎಂಜಿನ್ ಆನ್‌ನಲ್ಲೇ ಇರಲಿ. ವಾರ್ನಿಂಗ್ ಹೋಗುವ ತನಕ ಹೊರಡಬೇಡಿ.

ಎಣ್ಣೆಮಟ್ಟ:

ಆಯಿಲ್ ಬಗ್ಗೆ. ಡ್ರೈ ಕ್ಲಚ್ ಡಿಸಿಟಿಯಲ್ಲಿ ಎಣ್ಣೆ ಕ್ಲಚ್ಚನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಆಯಿಲ್ ಬದಲಾಯಿಸಿದರೆ ಅದುರು ನಿಲ್ಲುತ್ತೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಡಿಕ್ಯೂ200ರಲ್ಲಿ ಗೇರ್ ಭಾಗಕ್ಕೆ ಸುಮಾರು 1.7 ಲೀಟರ್, ಮೆಕಟ್ರಾನಿಕ್‌ಗೆ (ಗೇರ್, ಕ್ಲಚ್ ನಡೆಸುವ ಕಂಟ್ರೋಲ್ ಘಟಕ) ಬೇರೆಯೇ ಹೈಡ್ರಾಲಿಕ್ ಎಣ್ಣೆ ಸುಮಾರು 1 ಲೀಟರ್. ಎರಡೂ ಬೆರೆಯಬಾರದು. ಆ ಮೆಕಟ್ರಾನಿಕ್ ಎಣ್ಣೆ ಎಷ್ಟು ಮುಖ್ಯ ಅನ್ನೋದಕ್ಕೆ 2013ರ ರೀಕಾಲ್ ಸಾಕ್ಷಿ. ಬಿಸಿ, ತೇವದ ಹವೆಯಲ್ಲಿ ಸಿಂಥೆಟಿಕ್ ಎಣ್ಣೆಯಿಂದ ಎಲೆಕ್ಟ್ರಿಕ್ ದೋಷ ಬರುತ್ತಿದ್ದ ಕಾರಣ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳಿಗೆ ಅದನ್ನು ತೆಗೆದು ಮಿನರಲ್ ಎಣ್ಣೆ ತುಂಬಬೇಕಾಯಿತು.

ಲೈಫ್‌ಟೈಮ್ ಅನ್ನೋದನ್ನು ನಾನು ಒಪ್ಪಲ್ಲ. ಗೇರ್, ಬೇರಿಂಗ್ ಸವೆದ ಪುಡಿ ಆ 1.7 ಲೀಟರ್‌ನಲ್ಲೇ ತೇಲುತ್ತಿರುತ್ತೆ. 60,000–80,000ಕ್ಕೆ ಒಮ್ಮೆ ಗೇರ್ ಭಾಗದ ಎಣ್ಣೆ ಬದಲಿಸಿದರೆ ನಷ್ಟ ಇಲ್ಲ, ಗಾಡಿ ಜೊತೆ ಬಂದ ಪುಸ್ತಕದಲ್ಲಿರುವ ಸ್ಪೆಕ್ ನಂಬರ್‌ನದ್ದೇ ಹಾಕಿಸಿ. ವೆಟ್ ಕ್ಲಚ್ ಡಿಕ್ಯೂ250 ಇದ್ದವರಿಗೆ ಇದು ಐಚ್ಛಿಕವಲ್ಲ. ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ 60,000ಕ್ಕೆ ಫಿಲ್ಟರ್ ಸಮೇತ ಬದಲಿಸಬೇಕು. ಮ್ಯಾನುಯಲ್ ಗೇರ್ ಗಾಡಿಯವರು ಪುಸ್ತಕ ಜಿಎಲ್‌-4 ದರ್ಜೆಯ ಎಣ್ಣೆ ಅಂದಿದ್ದರೆ ಜಿಎಲ್‌-5 ಹಾಕಿಸಬೇಡಿ, ಅದರಲ್ಲಿರುವ ಗಂಧಕದ ಅಂಶ ಗೇರ್ ಬೀಳುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು ತಿನ್ನಬಹುದು.

ಕುವೆಂಪುನಗರ_ಟರ್ಬೊ:

ಎಲ್ಲರಿಗೂ ಧನ್ಯವಾದ. ಪರೀಕ್ಷೆ ಮಾಡಿದೆ. ಮ್ಯಾನುಯಲ್ 1ರಲ್ಲಿ ಅದುರು ಇಲ್ಲವೇ ಇಲ್ಲ. ರಿವರ್ಸ್‌ನಲ್ಲಿ ಚೆನ್ನಾಗಿ ಅದುರುತ್ತೆ. 4ನೇ ಗೇರ್‌ನಲ್ಲಿ ಸರಿ ಇದೆ. ಅಂದರೆ ಕೆ2? ಮನೆ ಮುಂದೆ ಚರಂಡಿ ದಾಟಿ ಕಡಿದಾದ ರ‍್ಯಾಂಪ್ ಇದೆ, ದಿನಾ ರಿವರ್ಸ್‌ನಲ್ಲೇ ಹತ್ತಿಸಿ ಒಳಗೆ ನಿಲ್ಲಿಸೋದು. ಅದೂ ಕಾರಣವಾ?

ಬೆಲ್‌ಹೌಸಿಂಗ್:

ಅದೇ ದೊಡ್ಡ ಕಾರಣ ಇರಬೇಕು ಸಾರ್. ಕೆ1 ಚೆನ್ನಾಗಿದ್ದು ಕೆ2 ಮಾತ್ರ ಅದುರುತ್ತಿರುವುದು ಅದಕ್ಕೆ ಹೊಂದುತ್ತೆ. ಕಡಿದಾದ ರ‍್ಯಾಂಪ್‌ನಲ್ಲಿ ಹಿಂದಕ್ಕೆ ಹತ್ತಿಸುವಾಗ ಗೇಟ್‌ಗೆ ತಾಗುತ್ತೇನೋ ಅಂತ 2–3 ಕಿ.ಮೀ. ವೇಗದಲ್ಲಿ ನಿಂತು ನಿಂತು ಹೋಗ್ತೀವಿ, ಕ್ಲಚ್ ಇಡೀ ಹೊತ್ತು ಜಾರುತ್ತೆ, ಎಂಜಿನ್ ಟಾರ್ಕ್ ಪೂರ್ತಿ ಕೆ2 ಮೇಲೆ. ಇವತ್ತಿನಿಂದ ಮುಂದಕ್ಕೆ ಹತ್ತಿಸಿ ಒಳಗೆ ಹಾಕಿ, ಬೆಳಿಗ್ಗೆ ರಿವರ್ಸ್‌ನಲ್ಲಿ ಇಳಿಸಿ. ಇಳಿಯುವಾಗ ಗಾಡಿಯ ತೂಕವೇ ಎಳೆಯುತ್ತೆ, ಕ್ಲಚ್‌ಗೆ ಹೊರೆ ಇಲ್ಲ. ರಿವರ್ಸಲ್ಲೇ ಹತ್ತಿಸಬೇಕಾದರೆ ಕೆಳಗೆ ಸಮತಟ್ಟಿನಲ್ಲೇ ನೇರ ಮಾಡಿಕೊಂಡು, ನಡುವೆ ನಿಲ್ಲದೆ ಒಂದೇ ಸಲಕ್ಕೆ ಹತ್ತಿಸಿ.

ವರ್ಕ್‌ಶಾಪ್‌ನಲ್ಲಿ ಈ ಕ್ರಮದಲ್ಲಿ ಕೇಳಿ. ಮೊದಲು ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಫಾಲ್ಟ್ ಕೋಡ್, ಸಾಫ್ಟ್‌ವೇರ್ ಆವೃತ್ತಿ, ಎರಡೂ ಕ್ಲಚ್‌ಗಳ ಅಡಾಪ್ಟೇಶನ್ ಅಂಕಿ (ಕ್ಲಚ್ ಹಿಡಿಯುವ ಜಾಗದ ಬಗ್ಗೆ ಕಂಪ್ಯೂಟರ್ ಕಲಿತ ಲೆಕ್ಕ) ಬರೆಸಿಕೊಳ್ಳಿ. ಅಪ್‌ಡೇಟ್ ಇದ್ದರೆ ಹಾಕಿಸಿ, ಗೇರ್‌ಬಾಕ್ಸ್ ಬಿಸಿ ಇರುವಾಗ ಕ್ಲಚ್ ಬೇಸಿಕ್ ಸೆಟ್ಟಿಂಗ್ (ಆ ಲೆಕ್ಕವನ್ನು ಹೊಸದಾಗಿ ಕಲಿಸುವುದು) ಮಾಡಿಸಿ. ಅದಾದ ಮೇಲೆ ಸ್ವಲ್ಪ ದಿನ ಗೇರ್ ಒರಟಾಗಿ ಬೀಳಬಹುದು, ಗಾಬರಿ ಬೇಡ. ಕೆಲವು ನೂರು ಕಿ.ಮೀ.ಗಳೊಳಗೆ ಅದುರು ಮರಳಿದರೆ ಲೈನಿಂಗ್ ಹೋಗಿದೆ ಅಂತಲೇ ಲೆಕ್ಕ.

ಕ್ಲಚ್ ಬದಲಿಸುವುದೇ ಆದರೆ ಕೆ2 ಒಂದನ್ನೇ ಕೊಡಿ ಅಂದರೆ ಆಗಲ್ಲ, ಇಡೀ ಪ್ಯಾಕ್ ಬರುತ್ತೆ. ಜೊತೆಗೆ ಎಂಗೇಜ್‌ಮೆಂಟ್ ಬೇರಿಂಗ್‌ಗಳ ಶಿಮ್ (ಅಂತರ ಸರಿಮಾಡುವ ತೆಳು ಬಿಲ್ಲೆ) ಅಳತೆ ತೆಗೆದೇ ಕೂರಿಸಬೇಕು. ವಿಶೇಷ ಟೂಲ್ ಇಲ್ಲದ ಗ್ಯಾರೇಜ್‌ಗೆ ಕೊಡಬೇಡಿ, ಅಳತೆ ತಪ್ಪಿದರೆ ಹೊಸ ಕ್ಲಚ್ಚೂ ಅದುರುತ್ತೆ. ಗೇರ್‌ಬಾಕ್ಸ್ ಕೆಳಗೆ ಇಳಿದಾಗ ಇನ್‌ಪುಟ್ ಶಾಫ್ಟ್ ಸೀಲ್ ನೋಡಿಸಿ. ಅಲ್ಲಿಂದ ಒಂದು ಹನಿ ಎಣ್ಣೆ ಒಸರಿ ಲೈನಿಂಗ್‌ಗೆ ತಾಗಿದರೂ ಇದೇ ಲಕ್ಷಣ ಬರುತ್ತೆ. ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ ನಡುಕ ತಗ್ಗಿಸುವ ಎರಡು ಭಾಗದ ಚಕ್ರ) ಇದ್ದರೆ ಅದರ ಆಟವನ್ನೂ ಅಳೆಸಿ, ಎಂಜಿನ್ ಆಫ್ ಮಾಡುವಾಗ ಕಟಕಟ ಅಂದರೆ ಅದು ಸವೆದಿರಬಹುದು. ಹಳೇ ಪ್ಯಾಕ್ ವಾಪಸ್ ಕೇಳಿ, ಪ್ಲೇಟ್ ಮೇಲೆ ನೀಲಿ ಕಲೆ ಇದೆಯಾ ನೋಡಿ. ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಕ್ಲಚ್ಚನ್ನು ಸವೆಯುವ ಭಾಗ ಅಂತ ಹೊರಗಿಟ್ಟಿದ್ದಾರಾ ಅನ್ನೋದನ್ನು ಬಿಚ್ಚಿಸುವ ಮೊದಲೇ ಓದಿಕೊಳ್ಳಿ. ಬೇಸಿಕ್ ಸೆಟ್ಟಿಂಗ್ ಆದ ಮೇಲೆ ಅಡಾಪ್ಟೇಶನ್ ಅಂಕಿಗಳನ್ನು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.