‘ಸಂಕಟ’: ನಮ್ಮ ಕಡೆಯ ರೋಗಿಯ ಬಾಯಲ್ಲಿ ಈ ಪದದ ಅರ್ಥವೇನು?

ಬಲ್ಲವರಿಗೆ ನಮಸ್ಕಾರಗಳು.

ವೈದ್ಯಕೀಯ ಓದಲು ಹೊರರಾಜ್ಯಗಳಿಂದ ಹಾಸನಕ್ಕೆ ಬರುವ ಮಕ್ಕಳಿಗೆ ಕೆಲವು ವರ್ಷಗಳಿಂದ ಆಡುಗನ್ನಡ ಕಲಿಸುತ್ತಿದ್ದೇನೆ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರುವುದರಿಂದ ಕನ್ನಡ ಬಾರದವರು ಪ್ರತಿ ತಂಡದಲ್ಲೂ ಇರುತ್ತಾರೆ. 2019ರ ಪಠ್ಯಕ್ರಮವೂ ಮೊದಲ ವರ್ಷದ ಬುನಾದಿ ತರಗತಿಯಲ್ಲೇ ಸ್ಥಳೀಯ ಭಾಷೆಗೆ ಜಾಗ ಕೊಟ್ಟಿದೆ. ಜ್ವರ, ಕೆಮ್ಮು, ಭೇದಿ, ಮೈಕೈನೋವುಗಳನ್ನು ಕಲಿಸುವುದು ಕಷ್ಟವಲ್ಲ. ಇಷ್ಟು ದಿನವಾದರೂ ನನ್ನಿಂದ ಸರಿಯಾಗಿ ವಿವರಿಸಲು ಆಗದೆ ಉಳಿದಿರುವ ಪದ ‘ಸಂಕಟ’. ಅದಕ್ಕಾಗಿಯೇ ಈ ಪತ್ರ.

ನಿಘಂಟು ತೆರೆದರೆ ಕಷ್ಟ, ದುಃಖ, ವೇದನೆ, ಆಪತ್ತು ಎಂಬ ಅರ್ಥಗಳು ಸಿಗುತ್ತವೆ. ಪ್ರಾಣಸಂಕಟ, ಧರ್ಮಸಂಕಟ, ‘ಸಂಕಟ ಬಂದಾಗ ವೆಂಕಟರಮಣ’ ಇವುಗಳಿಗೆಲ್ಲ ಅಷ್ಟು ಸಾಕು. ಆದರೆ ಅರಕಲಗೂಡಿನ ಕಡೆಯ ಅಜ್ಜಿಯೊಬ್ಬರು ವೈದ್ಯರ ಎದುರಿನ ಸ್ಟೂಲಿನ ಮೇಲೆ ಕುಳಿತು, ‘ನೋವೇನಿಲ್ಲ ಕಣವ್ವ, ಬೆಳಗ್ಗಿಂದ ಒಂಥರಾ ಸಂಕ್ಟ’ ಎಂದಾಗ ಅವರು ಹೇಳುತ್ತಿರುವುದು ದುಃಖವನ್ನಲ್ಲ. ಇದೇ ವಾಕ್ಯವನ್ನು ತರಗತಿಯಲ್ಲಿ ಅಭಿನಯಿಸಿ ತೋರಿಸಿದೆ. ಕೇರಳದ ಹುಡುಗಿ ಮರುಕದಿಂದ ‘ಮನೆಯಲ್ಲಿ ಏನಾಯಿತು?’ ಎಂದು ಕೇಳಿದಳು, ಏಕೆಂದರೆ ಮಲಯಾಳದಲ್ಲಿ ಸಂಕಟವೆಂದರೆ ಮನಸ್ಸಿನ ದುಃಖ. ಹಿಂದಿಯ ಹುಡುಗ ಏನೋ ದೊಡ್ಡ ಅಪಾಯ ಎರಗಿದೆ ಎಂದುಕೊಂಡ. ಕನ್ನಡ ಮನೆಮಾತಿನ ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬಳು ಮಾತ್ರ ‘ವಾಂತಿ ಬರುವ ಹಾಗೆ ಆಗುತ್ತಿದೆ’ ಎಂದು ಬರೆದುಕೊಂಡಳು. ಅವಳ ಉತ್ತರ ಉಳಿದವುಗಳಿಗಿಂತ ಹತ್ತಿರದ್ದು, ಆದರೂ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಅದೇ.

ಓಕರಿಕೆಗೆ ನಮ್ಮಲ್ಲಿ ಬೇರೆ ಮಾತುಗಳಿವೆ: ‘ಹೊಟ್ಟೆ ತೊಳಸುತ್ತದೆ’, ‘ವಾಂತಿ ಬಂದ ಹಾಗಾಗುತ್ತದೆ’. ಮೂರು ತಿಂಗಳ ಬಸುರಿ ‘ಸಂಕಟ’ ಎಂದರೆ ಅದು ಓಕರಿಕೆಯೇ ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ಅರವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ವ್ಯಕ್ತಿ ಅದೇ ಪದ ಬಳಸಿದಾಗ, ಅವರು ಹೊಟ್ಟೆಯ ಮೇಲ್ಭಾಗದಿಂದ ಗಂಟಲಿನವರೆಗೆ ಏನೋ ಒತ್ತಿ ಹಿಡಿದಂತಿದೆ ಎಂಬುದನ್ನು ಹೇಳುತ್ತಿರಬಹುದು. ಹೃದಯಾಘಾತವಾದವರೆಲ್ಲ ಎದೆನೋವು ಎಂದು ಬರುವುದಿಲ್ಲ. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಬೆವರು, ಸುಸ್ತು, ಉಸಿರು ಕಟ್ಟುವಿಕೆ, ಓಕರಿಕೆಯಾಗಿ ಅದು ಕಾಣಿಸಿಕೊಳ್ಳುವುದುಂಟು. ಶಂಕೆಯಿದ್ದರೆ ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯರು ಒಪ್ಪಿರುವ ಕ್ರಮ. ‘ಎದೆನೋವು ಇದೆಯಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಪ್ರಾಮಾಣಿಕ ಉತ್ತರ ಬಂದು, ‘ಸಂಕಟ’ಕ್ಕೆ ವಾಂತಿ ನಿಲ್ಲುವ ಮಾತ್ರೆ ಬರೆದರೆ ಆ 10 ನಿಮಿಷ ಕೈತಪ್ಪಿ ಹೋಗುತ್ತದೆ.

ಪದದ ವ್ಯಾಕರಣದಲ್ಲೇ ಒಂದು ಸುಳಿವಿದೆ ಎಂದು ನನಗೆ ತೋರುತ್ತದೆ. ‘ನೋವು’ ಯಾವ ಅಂಗದೊಡನೆಯೂ ಸೇರುತ್ತದೆ: ತಲೆನೋವು, ಹಲ್ಲುನೋವು, ಮಂಡಿನೋವು. ‘ತಲೆಸಂಕಟ’, ‘ಕಾಲುಸಂಕಟ’ ಎಂದು ಯಾರೂ ಅನ್ನುವುದನ್ನು ನಾನು ಕೇಳಿಲ್ಲ. ಸೇರಿದರೆ ಅದು ಹೊಟ್ಟೆಗೆ ಇಲ್ಲವೆ ಎದೆಗೆ ಮಾತ್ರ ಸೇರುತ್ತದೆ; ಅದಕ್ಕಿಂತ ಹೆಚ್ಚಾಗಿ ‘ನಂಗೆ ಸಂಕಟ ಆಗುತ್ತೆ’ ಎಂದು ಜಾಗವನ್ನೇ ಹೇಳದೆ ಇಡೀ ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ‘ಎಲ್ಲಿ ಸಂಕಟ? ಕೈಯಿಟ್ಟು ತೋರಿಸಿ’ ಎಂದು ಕೇಳುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದೇನೆ. ಮುಷ್ಟಿ ಕಟ್ಟಿ ಎದೆಯ ನಡುವೆ ಇಟ್ಟುಕೊಂಡರೆ, ಅಮೆರಿಕದ ಹೃದ್ರೋಗತಜ್ಞ ಸ್ಯಾಮ್ಯುಯೆಲ್ ಲೆವಿನ್ ಅವರ ಹೆಸರಿನಲ್ಲಿ ಪಠ್ಯಪುಸ್ತಕಗಳಲ್ಲಿರುವ, ಹೃದಯದ ಬಾಧೆಯನ್ನು ಸೂಚಿಸುವ ಸನ್ನೆಯೇ ಅದು.

ಇನ್ನು ಮೂಲಾರ್ಥದ ಮಾತು. ಸಂಸ್ಕೃತದ ‘ಸಂಕಟ’ಕ್ಕೆ ಮೊದಲ ಅರ್ಥ ಇಕ್ಕಟ್ಟು, ಕಿರಿದಾದದ್ದು, ಒತ್ತಿ ಕೂಡಿದ್ದು, ಕಷ್ಟವೆಂಬುದು ಆಮೇಲೆ ಬೆಳೆದ ಅರ್ಥ. 1768ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಎದೆ ಒತ್ತಿ ಹಿಡಿದಂತಾಗುವ ಹೃದಯದ ಈ ಬಾಧೆಯನ್ನು ವಿವರಿಸಿ ಅದಕ್ಕೆ ‘ಆಂಜೈನಾ ಪೆಕ್ಟೋರಿಸ್’ ಎಂದು ಹೆಸರಿಟ್ಟಾಗ ಬಳಸಿದ ಲ್ಯಾಟಿನ್ ಪದವೂ ಹಿಸುಕು, ಉಸಿರು ಕಟ್ಟಿಸು ಎಂಬ ಧಾತುವಿನಿಂದ ಬಂದದ್ದು. ಅಂದರೆ ನಮ್ಮ ಅಜ್ಜಿಯರ ‘ಸಂಕ್ಟ’ವು ಅಸ್ಪಷ್ಟವಾದ ಗೊಣಗಾಟವಲ್ಲ, ನಿಘಂಟಿನ ಅರ್ಥಕ್ಕಿಂತ ಹಳೆಯ ಅರ್ಥಕ್ಕೆ ಅದು ಹತ್ತಿರದ್ದು. ಆಡುಮಾತು ಆ ಮೂಲಾರ್ಥವನ್ನು ಉಳಿಸಿಕೊಂಡು ಬಂತೋ, ದೇಹದ ಅನುಭವದಿಂದಲೇ ಮತ್ತೆ ಅಲ್ಲಿಗೆ ತಲುಪಿತೋ ಎಂಬುದನ್ನು ಹಳಗನ್ನಡ, ನಡುಗನ್ನಡ ಪ್ರಯೋಗಗಳನ್ನು ಬಲ್ಲವರು ತಿಳಿಸಬೇಕು.

ಈ ಪದವನ್ನು ಈಗ ‘ಗ್ಯಾಸ್ಟ್ರಿಕ್’ ನುಂಗುತ್ತಿದೆ. ಅದರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ‘ಸಂಕಟ’ ಎನ್ನುವವರು ತಮಗೆ ಆಗುತ್ತಿರುವುದನ್ನು ಹೇಳುತ್ತಾರೆ, ‘ಗ್ಯಾಸ್ಟ್ರಿಕ್ ಆಗಿದೆ’ ಎನ್ನುವವರು ಕಾಯಿಲೆಯನ್ನೇ ತೀರ್ಮಾನಿಸಿಕೊಂಡು, ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಮಧ್ಯಾಹ್ನದ ಮೇಲೆ ಬರುತ್ತಾರೆ. ‘ಹೊಟ್ಟೆ ಉರಿ’ಯೂ ಹಿಂದೆ ಬಿದ್ದಿದೆ, ಅದಕ್ಕೆ ಅಸೂಯೆಯ ಅರ್ಥ ಅಂಟಿಕೊಂಡಿರುವುದರಿಂದ ನೆರೆಮನೆಯವರ ಮುಂದೆ ಹೇಳಲು ಜನ ಹಿಂಜರಿಯುತ್ತಾರೋ ಏನೋ.

ನನ್ನ ಪ್ರಶ್ನೆಗಳು ಇವು. ಸಕಲೇಶಪುರ, ಮೂಡಿಗೆರೆ, ಕೊಪ್ಪದಂಥ ಮಲೆನಾಡಿನಲ್ಲಿ ಹಿರಿಯರು ‘ಎದೆ ಸಂಕಟ’ ಮತ್ತು ‘ಹೊಟ್ಟೆ ಸಂಕಟ’ಗಳನ್ನು ಬೇರೆ ಬೇರೆ ಬಾಧೆಗಳೆಂದು ಎಣಿಸುತ್ತಾರೆಯೇ, ಅಥವಾ ಒಂದನ್ನೇ ಎರಡು ಬಗೆಯಲ್ಲಿ ಹೇಳುತ್ತಾರೆಯೇ? ಅರಸೀಕೆರೆ, ಕಡೂರು, ತರೀಕೆರೆಯ ಬಯಲುಸೀಮೆಯಲ್ಲಿ ಈ ಅರ್ಥಕ್ಕೆ ಸಂಕಟವೇ ಚಾಲ್ತಿಯಲ್ಲಿದೆಯೇ, ತಳಮಳದಂಥ ಇನ್ನೊಂದು ಪದವಿದೆಯೇ? ತೋಟದ ಕೆಲಸಕ್ಕೆ ಬಂದು ನೆಲೆಸಿದ ತಮಿಳು, ತುಳು ಮನೆಮಾತಿನವರು ಕನ್ನಡದಲ್ಲಿ ಇದನ್ನು ಯಾವ ಅರ್ಥದಲ್ಲಿ ಆಡುತ್ತಾರೆ? ಉತ್ತರಿಸುವವರು ದಯವಿಟ್ಟು ನಿಘಂಟಿನ ಅರ್ಥವನ್ನು ಬಿಟ್ಟು, ಮನೆಯಲ್ಲಿ ಕಿವಿಯಾರೆ ಕೇಳಿದ ಪೂರ್ತಿ ವಾಕ್ಯವನ್ನೂ ಹೇಳಿದವರ ವಯಸ್ಸು, ತಾಲ್ಲೂಕುಗಳನ್ನೂ ಬರೆಯಿರಿ. ಮುಂದಿನ ತಂಡದ ಅಭ್ಯಾಸ ಹಾಳೆಯಲ್ಲಿ ‘ಸಂಕಟ’ದ ಎದುರಿಗೆ ಇರುವ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.