ಡಬ್ಬಿಯಲ್ಲಿ ವೆನಿಲಾ ಘಮ, ಸೇದಿದರೆ ಬರೀ ಬಿಸಿ ಹೊಗೆ. ಯಾಕೆ?

ಪ್ರಶ್ನೆ:
ಪೈಪ್ ಸೇದೋಕೆ ಈಚೆಗೆ ಶುರು ಮಾಡಿದೀನಿ. ವೆನಿಲಾ ಹಾಕಿದ ತಂಬಾಕು. ಡಬ್ಬಿ ಮುಚ್ಚಳ ತೆಗೆದರೆ ಬಾಯಲ್ಲಿ ನೀರೂರುತ್ತೆ. ಹಚ್ಚಿದ ಮೇಲೆ ನನಗೆ ಸಿಗೋದು ಬಿಸಿ ಹೊಗೆ, ನಾಲಿಗೆ ತುದೀಲಿ ಚುರುಚುರು, ಅಷ್ಟೇ. ಆದರೆ ರೂಮಿಗೆ ಬಂದವರೆಲ್ಲ ‘ಏನು ಘಮ ರೀ’ ಅಂತಾರೆ. ನನ್ನ ನಾಲಿಗೆಯೇ ಸರಿಯಿಲ್ವಾ?

ಹಳೇಪೈಪು:
ನಾಲಿಗೆ ಸರಿಯಾಗೇ ಇದೆ. ಅದರ ಕೈಲಾಗದ ಕೆಲಸವನ್ನ ಅದಕ್ಕೆ ಹೇಳ್ತಿದೀರಿ. ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಅನ್ನೋ ಮಾಂಸದ ಸಾರಿನಂಥ ರುಚಿ, ಅಲ್ಲಿಗೆ ನಾಲಿಗೆಯ ಲೆಕ್ಕ ಮುಗೀತು. ವೆನಿಲಾ, ಒಣಹುಲ್ಲು, ಒಣದ್ರಾಕ್ಷಿ ಅಂತ ನಾವು ವರ್ಣಿಸೋದೆಲ್ಲ ಮೂಗಿನದು. ಅದರಲ್ಲಿ ವಾಸನೆ ಹಿಡಿಯೋ ಸುಮಾರು 400 ಬಗೆಯ ಗ್ರಾಹಕಗಳಿವೆ. ನೆಗಡಿಯಾದಾಗ ಊಟ ಸಪ್ಪೆಯಾಗೋದೂ ಇದಕ್ಕೇ.

ವಾಸನೆಗೆ ಎರಡು ದಾರಿ. ಒಂದು ಮೂಗಿನ ಹೊಳ್ಳೆಯಿಂದ, ಇನ್ನೊಂದು ಬಾಯಿಯ ಹಿಂದಿನಿಂದ ಮೇಲಕ್ಕೆ. ರೂಮಿನವರಿಗೆ ಹೊಗೆ ತಣ್ಣಗಾಗಿ, ತೆಳುವಾಗಿ ಮೊದಲ ದಾರೀಲಿ ಸಿಗುತ್ತೆ. ನೀವು ಎಲ್ಲಾನೂ ಬಾಯಿಂದಲೇ ಊದಿಬಿಟ್ರೆ ಎರಡನೇ ದಾರಿ ಖಾಲಿ. ಹೊಗೇನ ಎದೆಗೆ ಎಳೀಬೇಡಿ. ಬಾಯಲ್ಲೇ ಇಟ್ಕೊಂಡು, ಮುಕ್ಕಾಲು ಪಾಲು ಹೊರಗೆ ಬಿಟ್ಟು, ಉಳಿದ ಚೂರನ್ನ ಬಾಯಿ ಮುಚ್ಚಿ ಮೆಲ್ಲಗೆ ಮೂಗಿಂದ ಬಿಡಿ.

ಚುರುಚುರು ಅನ್ನೋದು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಬಿಸಿ, ಉರಿ, ಘಾಟು ತಿಳಿಸೋ ನರವೇ ಬೇರೆ. ಘಮ ಹಾಕಿದ ತಂಬಾಕು ಸಾಮಾನ್ಯವಾಗಿ ಒದ್ದೆ. ಹಚ್ಚಿದರೆ ಹಬೆ ಬರುತ್ತೆ. ಆರಿಹೋಗುತ್ತೆ ಅಂತ ನೀವು ಬುಸುಬುಸು ಎಳೀತೀರಿ, ನಾಲಿಗೆ ಸುಡುತ್ತೆ. ಒಂದು ಹಿಡಿ ತೆಗೆದು ಕಾಗದದ ಮೇಲೆ ಹರಡಿ, ಬೆರಳಿಗೆ ಅಂಟದಷ್ಟು ಒಣಗಿಸಿ ತುಂಬಿ.

ಇಷ್ಟಾದರೂ ಡಬ್ಬಿಯ ವೆನಿಲಾ ಹಾಗೇ ಸಿಗಲ್ಲ. ಮೇಲೆ ಸಿಂಪಡಿಸಿದ್ದು ಬೇಗ ಆವಿಯಾಗುತ್ತೆ. ಇಂಥ ತಂಬಾಕು ಸೇದೋವನಿಗಿಂತ ಪಕ್ಕದಲ್ಲಿ ಕೂತವನಿಗೇ ಲಾಭ ಅನ್ನೋದು ನನ್ನ ಖಾಯಂ ತಕರಾರು. ಒಮ್ಮೆ ಘಮ ಹಾಕದ, ಬರೀ ವರ್ಜೀನಿಯಾ ಅನ್ನೋ ಬಗೆಯ ತಂಬಾಕು ಸೇದಿ ನೋಡಿ. ಬಿಸಿಗಾಳೀಲಿ ಹದ ಮಾಡೋದ್ರಿಂದ ಎಲೆಯ ಸಕ್ಕರೆ ಉಳಿಯುತ್ತೆ. ನೆರಳಲ್ಲಿ ನಿಧಾನ ಒಣಗೋ ಬರ್ಲಿ ಅನ್ನೋ ಇನ್ನೊಂದು ಬಗೆಯಲ್ಲಿ ಸಕ್ಕರೆ ಹೆಚ್ಚುಕಮ್ಮಿ ಇಲ್ಲ, ಹಾಕಿದ ಘಮವನ್ನ ಚೆನ್ನಾಗಿ ಹೀರುತ್ತೆ.

ಹೊಗೆಗೂಡು:
ಲಟಾಕಿಯಾ ಅನ್ನೋ ತಂಬಾಕಲ್ಲಿ ಈ ಪಕ್ಕದವರ ಲಾಭದ ಲೆಕ್ಕ ಉಲ್ಟಾ. ಎಲೆಗೆ ಕಟ್ಟಿಗೆ ಹೊಗೆ ಹಿಡಿಸಿ ಒಣಗಿಸ್ತಾರೆ, ಈಗ ಹೆಚ್ಚಾಗಿ ಸೈಪ್ರಸ್‌ನಲ್ಲಿ. ಸೇದೋರಿಗೆ ಸ್ವರ್ಗ, ಮನೆಯವರು ಏನು ಸುಟ್ಟುಹೋಯ್ತು ಅಂತ ಓಡಿಬರ್ತಾರೆ. ಅಮೆರಿಕದ ಲೂಸಿಯಾನಾದ ಪೆರೀಕ್ ತಂಬಾಕು ಬೇರೆ ಜಾತಿ. ಪೀಪಾಯಲ್ಲಿ ಒತ್ತಿ ಹುದುಗಿಸಿದ್ದು. ಮೂಗಿಂದ ಬಿಟ್ಟಾಗ ಕಾಳುಮೆಣಸಿನ ಘಾಟು ಹೊಡೆಯುತ್ತೆ, ಹುಷಾರು.

ಬಿಟ್ಟವ:
ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಸೇದ್ತಾ ಸೇದ್ತಾ ಮೂಗೂ ಮಂದವಾಗುತ್ತೆ. ನಾನು ಬಿಟ್ಟ ಮೇಲೆ ಊಟದ ವಾಸನೆ ಹಿಂತಿರುಗಿತು. ಹೇಳಬೇಕನ್ನಿಸ್ತು, ಹೇಳಿದೆ.

ಪ್ರಶ್ನೆ ಕೇಳಿದವರು:
ಒಣಗಿಸಿ ಸೇದಿದೆ. ಉರಿ ಕಮ್ಮಿಯಾಯ್ತು. ಮೂಗಿಂದ ಬಿಟ್ಟಾಗ ವೆನಿಲಾ ಅಲ್ಲ, ಹುರಿದ ಕಡಲೆಕಾಯಿ ಥರ ಏನೋ ಬಂತು.

ಹಳೇಪೈಪು:
ಅದು ಬರ್ಲಿ. ನಿಮ್ಮ ತಂಬಾಕಿನ ಅಸಲಿ ರುಚಿ. ಲಟಾಕಿಯಾ ತರೋದಾದ್ರೆ ಬೇರೆ ಪೈಪ್ ಇಟ್ಕೊಳ್ಳಿ, ಅದರ ವಾಸನೆ ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡಲ್ಲ.